ಓರಣಕ್ಕೆ ಒಂದು ತಾಸು ವಿಶ್ರಾಂತಿ

ಇದೆಲ್ಲ ಶುರುವಾದದ್ದು ಒಂದು ಕೊಡತಿಯಿಂದ.

ಕೊಡತಿ ಎಂದರೆ ಬಡಿಗರ ಕಟ್ಟಿಗೆಯ ಸುತ್ತಿಗೆ. ನನ್ನ ಗಂಡ ಮೌನೇಶ ಬಡಿಗೇರ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಬಾಗಿಲು, ಚೌಕಟ್ಟು ಮಾಡುವವನು. ಆ ವರ್ಷದ ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ನಮ್ಮತ್ತೆ ಕಾಳವ್ವ ಮಗನ ಉಳಿ, ಗರಗಸ, ಕೊಡತಿ ಎಲ್ಲವನ್ನೂ ಪಡಸಾಲೆಯ ನೆಲದ ಮೇಲೆ ಸಾಲಾಗಿ ಜೋಡಿಸಿ, ಕುಂಕುಮ ಹಚ್ಚಿ, ಹೂ ಏರಿಸಿ, ಊದಿನಕಡ್ಡಿ ತರಲು ದೇವರ ಕೋಣೆಗೆ ಹೋದರು. ತಿರುಗಿ ಬರುವಷ್ಟರಲ್ಲಿ ಕೊಡತಿ ಇಲ್ಲ. ತಲೆ ಎತ್ತಿ ನೋಡಿದರೆ ಮಾಳಿಗೆಯ ಹಳಿಗೆ ತೂಗುಬಿದ್ದ, ಓರಣ ಅನ್ನುವ ಯಂತ್ರದ ಕೈ ಕೊಡತಿಯನ್ನು ಹೂವಿನ ಸಮೇತ ಎತ್ತಿಕೊಂಡು ಗೋಡೆಯ ಕಡೆ ಹೊರಟಿತ್ತು.

“ಏ ಭಾಡ್ಯಾ! ಪೂಜಿ ಮಾಡಿದ್ದನ್ನ ಸಂಜಿತನಕ ಮುಟ್ಟಬಾರದಂತ ಗೊತ್ತಿಲ್ಲೇನು ನಿನಗ?” ಅಂತ ಅತ್ತೆ ಯಂತ್ರಕ್ಕೇ ಬೈದರು. ಅದು ಉಳಿಯನ್ನೂ ಒಯ್ದಿತು, ಗರಗಸವನ್ನೂ ಒಯ್ದಿತು. ನೆಲದ ಮೇಲೆ ಬಿದ್ದಿದ್ದನ್ನು ಎತ್ತಿಡುವುದೇ ಅದರ ಕೆಲಸ, ಪಾಪ, ಖಂಡೇನವಮಿ ಅದಕ್ಕೇನು ಗೊತ್ತು! ಅತ್ತೆ ಸುಮ್ಮನಿರುವ ಪೈಕಿಯಲ್ಲ. ಕಂಪನಿಗೆ ದೂರು ಕೊಟ್ಟರು. ದೂರು ಬಂದು ಬಿದ್ದದ್ದು ನನ್ನ ಮೇಜಿಗೇ, ಏಕೆಂದರೆ ಓರಣದ ಹುಬ್ಬಳ್ಳಿ ನಿಯಂತ್ರಣ ಕೊಠಡಿಯಲ್ಲಿ ಹಗಲು ಪಾಳಿ ನೋಡಿಕೊಳ್ಳುವವಳು ನಾನು, ದಾಕ್ಷಾಯಣಿ. ಅವತ್ತು ಊರ ತುಂಬ ಇಂಥದೇ ದೂರು. ಒಬ್ಬಳ ಈಳಿಗೆಮಣೆ ಹೋಗಿತ್ತು, ಒಬ್ಬನ ಕ್ಷೌರದ ಕತ್ತರಿ ಹೋಗಿತ್ತು, ಯಾರದೋ ಮನೆಯಲ್ಲಿ ಉರಿಯುವ ದೀಪಕ್ಕೇ ಕೈ ಹಾಕಿತ್ತು.

ಓರಣ ಇನ್ನೂ ಕಾಲಿಡದ ಊರಿನವರಿಗಾಗಿ ನಾಲ್ಕು ಮಾತು ಹೇಳಬೇಕು. ಮನೆಯ ಒಂದು ಗೋಡೆ ಪೂರ್ತಿ, ನೆಲದಿಂದ ಮಾಳಿಗೆಯ ತನಕ, ಬರೀ ಖಾನೆಗಳು. ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ಮನೆಯ ಪ್ರತಿ ವಸ್ತುವಿಗೂ ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕಿಯೊಂದನ್ನು ಅಂಟಿಸಿರುತ್ತಾರೆ, ಚಮಚಕ್ಕೂ ಉಂಟು, ಕಾಲುಚೀಲಕ್ಕೂ ಉಂಟು, ಮನೆಯ ಹಕ್ಕಿನ ಉತಾರದ ಕಾಗದಕ್ಕೂ ಉಂಟು. ಯಾವುದನ್ನಾದರೂ ಎಲ್ಲಿ ಬೇಕಾದರೂ ಬಿಸಾಡಿ ಹೋಗಿ, ಕೈ ಬಂದು ಎತ್ತಿಕೊಂಡು ಖಾಲಿ ಇದ್ದ ಖಾನೆಗೆ ಹಾಕುತ್ತದೆ. ಅಡಿಗೆ ಸಾಮಾನು ಒಂದು ಕಡೆ, ಬಟ್ಟೆ ಒಂದು ಕಡೆ ಅನ್ನುವ ಲೆಕ್ಕವಿಲ್ಲ. ಜೀರಿಗೆಯ ಪಕ್ಕ ಕನ್ನಡಕ, ಅದರ ಪಕ್ಕ ವಿಮೆಯ ಪತ್ರ. ಯಾವುದು ಎಲ್ಲಿದೆ ಅನ್ನುವುದು ಮನೆಯವರಿಗೆ ಗೊತ್ತಿರುವುದಿಲ್ಲ, ಗೋಡೆಗೂ ಗೊತ್ತಿರುವುದಿಲ್ಲ. ಗೊತ್ತಿರುವುದು ನವನಗರದ ನಮ್ಮ ಕೊಠಡಿಯ ದೊಡ್ಡ ಗಣಕಕ್ಕೆ ಮಾತ್ರ. ನೀವು “ಜೀರಿಗೆ” ಅಂದರೆ ಸಾಕು, ಉಸಿರು ಬಿಡುವಷ್ಟರಲ್ಲಿ ಆ ಖಾನೆ ಮುಂದೆ ಬರುತ್ತದೆ.

ಅದು ಬರುವ ಮುಂಚಿನ ನಮ್ಮ ಮನೆಯನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಗಾಡಿಯ ಕಾಗದ ಹಾಸಿಗೆಯ ಕೆಳಗೆ, ಉತಾರ ಜೋಳದ ಡಬ್ಬಿಯ ಹಿಂದೆ, ಕರೆಂಟ್ ಬಿಲ್ಲು ಕ್ಯಾಲೆಂಡರಿನ ಮೊಳೆಗೆ. ದಿನಾ ಬೆಳಿಗ್ಗೆ “ನನ್ನ ಚಸ್ಮಾ ಎಲ್ಲಿ”, “ಕೀಲಿಕೈ ಎಲ್ಲಿ” ಅಂತ ಮೂರೂ ಜನ ಮೂರು ಕಡೆ ಒದರುತ್ತಿದ್ದೆವು. ಓರಣ ಬಂದಮೇಲೆ ಆ ಒದರಾಟ ನಿಂತಿತು. ಉಳಿದ ಹೊತ್ತಿನಲ್ಲಿ ನಾನು ಹೊಲಿಗೆ ಕಲಿತೆ, ಮೌನೇಶ ಮಧ್ಯಾಹ್ನ ಒಂದು ನಿದ್ದೆ ಮಾಡುವುದನ್ನು ಕಲಿತ. ಸುಳ್ಳು ಯಾಕೆ ಹೇಳಲಿ, ಆ ಗೋಡೆಯ ಮೇಲೆ ನನಗೆ ಪ್ರೀತಿಯೇ ಇತ್ತು.

ಆದರೆ ಇನ್ನೊಂದು ಸಂಗತಿಯೂ ಆಯಿತು. ಒಮ್ಮೆ ಗದಗಿನ ತವರಿಗೆ ಹೋದಾಗ ಚಹಾ ಮಾಡಲು ನಿಂತು, “ಸಕ್ಕರೆ” ಅಂತ ಗೋಡೆಗೆ ಹೇಳಿ ಸುಮ್ಮನೆ ನಿಂತುಬಿಟ್ಟೆ. ಅಲ್ಲಿ ಎಲ್ಲಿಯ ಓರಣ! ನನ್ನ ಅಣ್ಣನ ಹೆಂಡತಿ ಬಿದ್ದು ಬಿದ್ದು ನಕ್ಕಳು. “ಮೂಗಿನ ಮುಂದ ಐತಲ್ಲವಾ ಡಬ್ಬಿ!” ನಿಜವಾಗಿಯೂ ಮುಂದೆಯೇ ಇತ್ತು. ನನ್ನ ಕಣ್ಣು ಅದರ ಮೇಲೆ ಎಷ್ಟು ಸಲ ಹಾದುಹೋಗಿತ್ತೋ, ಕಂಡಿರಲಿಲ್ಲ. ಇದು ನನಗೊಬ್ಬಳಿಗೆ ಬಂದದ್ದಲ್ಲ, ಊರಿಗೇ ಬಂದಿತ್ತು. ಜನ ತಮಾಷೆಗೆ ಅದನ್ನು ಹುಡುಕುಗುರುಡು ಅನ್ನುತ್ತಿದ್ದರು.

ಹಾಂ, ಮೌನೇಶನ ಇಂಜೆಕ್ಷನ್ನಿನ ವಿಷಯ ಹೇಳಬೇಕು, ಕಥೆ ಇರುವುದೇ ಅದರಲ್ಲಿ. ಅವನಿಗೆ ಜೇನು ಕಚ್ಚಿದರೆ ಆಗುವುದಿಲ್ಲ. ಹಿಂದೊಮ್ಮೆ ಕಟ್ಟಿಗೆ ಅಡ್ಡೆಯಲ್ಲಿ ದಿಮ್ಮಿಯೊಳಗಿನ ಜೇನು ಕಚ್ಚಿ, ಗಂಟಲು ಬಾತು, ಉಸಿರು ನಿಂತು, ಇನ್ನೇನು ಹೋದ ಅನ್ನುವಷ್ಟರಲ್ಲಿ ಡಾಕ್ಟರು ಬದುಕಿಸಿದ್ದರು. “ಮುಂದ ಮತ್ತ ಕಡದ್ರ ದವಾಖಾನಿ ಮುಟ್ಟೂತನಕ ತಡಿಯೂದಿಲ್ಲ. ಇದನ್ನ ಮನ್ಯಾಗ ಇಟ್ಕೋರಿ, ಕೂಡಲೇ ತೊಡಿಗೆ ಚುಚ್ಚರಿ” ಅಂತ ಪೆನ್ನಿನಂಥ ಒಂದು ಇಂಜೆಕ್ಷನ್ ಕೊಟ್ಟರು. ಅದನ್ನು ಕೆಂಪು ಚೀಲದಲ್ಲಿ ಹಾಕಿ ತಲಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ್ದೆವು. ಓರಣ ಕೂಡಿಸಲು ಬಂದವರು ಮೊಳೆಯನ್ನೇ ಕಿತ್ತರು. “ಗೋಡೆ ಮೇಲೆ ಏನೂ ಇರಬಾರದು ಮೇಡಂ. ಇಂಜೆಕ್ಷನ್ ಅಂದರೆ ಸಾಕು, ಮೊಳೆಗಿಂತ ಬೇಗ ಕೊಡುತ್ತದೆ” ಅಂದರು. ಪರೀಕ್ಷೆ ಮಾಡಿ ನೋಡಿದೆವು. ಹೌದು, ಮೊಳೆಗಿಂತ ಬೇಗ ಕೊಟ್ಟಿತು.

ಕೊಡತಿ ಹೋದ ಮರುವರ್ಷ ಕಂಪನಿ ಒಂದು ಉಪಾಯ ಮಾಡಿತು. ಖಂಡೇನವಮಿಯ ದಿನ ಊರಿನ ಎಲ್ಲ ಓರಣಕ್ಕೂ ಒಂದು ತಾಸು ವಿಶ್ರಾಂತಿ. ಕೈಗಳು ಅಲ್ಲಾಡುವುದಿಲ್ಲ. ಖಾನೆಗಳನ್ನು ಜನ ತಾವೇ ಎಳೆದು ತಮ್ಮ ಆಯುಧ ತೆಗೆದುಕೊಂಡು ನಿಶ್ಚಿಂತೆಯಿಂದ ಪೂಜೆ ಮಾಡಬಹುದು. ನಮ್ಮ ಸಾಹೇಬರು ಇಂಗಳಗಿಯವರಿಗೆ ಇದರಿಂದ ಭಾರೀ ಖುಷಿ. ಅವರು ಒಳ್ಳೆಯ ಮನುಷ್ಯ, ಆದರೆ ಹಬ್ಬ ಅಂದರೆ ಹುರುಪು ಜಾಸ್ತಿ.

ಅವತ್ತು ಮುಂಜಾನೆ ನಮ್ಮ ಕೊಠಡಿಯಲ್ಲೂ ಪೂಜೆ. ದೊಡ್ಡ ಗಣಕಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಒಂದೊಂದು ಪರದೆಗೂ ಕುಂಕುಮ ಇಟ್ಟು, ಬಾಗಿಲ ಹೊರಗೆ ಬೂದುಗುಂಬಳಕಾಯಿ ಒಡೆದರು. ಗೋಡೆಗೊಂದು ಕೆಂಪು ಹಿಡಿಕೆ ಇದೆ, ಭೂಕಂಪವಾದರೆ ಎಳೆಯಲು ಇಟ್ಟದ್ದು. ಅದಕ್ಕೂ ಕುಂಕುಮ.

“ಸಾಹೇಬ್ರ, ಮಷಿನ್ನಿಗೆ ಎಲ್ಲಿ ದಣಿವು? ಮಲಗಿಸೂದು ಸಸಾರ, ಎಬ್ಬಿಸೂದು ಹೆಂಗ ಅಂತ ನೋಡೀರೇನು?” ಅಂದೆ.

“ನಿಮ್ಮ ಅತ್ತೀನ ಮೊದಲ ದೂರು ಕೊಟ್ಟಾಕಿ, ಈಗ ನೀವ ಕಟಿಪಿಟಿ ಮಾಡ್ತೀರಲ್ಲ! ವರುಷಕ್ಕ ಒಂದ ತಾಸರೆ ಅದೂ ಮಲಗಲಿ ಬಿಡ್ರಿ. ತಗೋರಿ, ಪೇಡೆ ತಿನ್ರಿ,” ಅಂದರು ಇಂಗಳಗಿಯವರು.

ಪೇಡೆ ತಿಂದೆ. ಅವರು ಮಂಗಳಾರತಿ ಎತ್ತಿ ಗುಂಡಿ ಒತ್ತಿದರು. ಪರದೆಯ ಮೇಲೆ ಊರಿನ ನಕ್ಷೆ ಇರುತ್ತದೆ, ಮನೆಗೊಂದು ಹಸಿರು ದೀಪ. ಎಲ್ಲ ದೀಪ ಒಮ್ಮೆಗೇ ಮಂಕಾದವು.

ತಾಸು ಮುಗಿಯಿತು. ಊರಿನಲ್ಲೆಲ್ಲ ಸಣ್ಣ ಸೈರನ್ ಮೊಳಗಿ ಓರಣ ಎದ್ದಿತು. ದೀಪಗಳು ಹಸಿರಾಗುವ ಬದಲು ಒಂದೊಂದಾಗಿ ಹಳದಿಯಾದವು. ಮೊದಲು ಹಳೇ ಹುಬ್ಬಳ್ಳಿ, ಆಮೇಲೆ ವಿದ್ಯಾನಗರ, ಆಮೇಲೆ ಗೋಪನಕೊಪ್ಪ. ನೋಡ ನೋಡುತ್ತ ಇಡೀ ಊರು ಹಳದಿ.

ಆದದ್ದು ಇಷ್ಟು. ಹಬ್ಬದ ದಿನ ನಮ್ಮ ಹೆಣ್ಣುಮಕ್ಕಳು ಖಾನೆ ಕೈಗೆ ಸಿಕ್ಕಮೇಲೆ ಸುಮ್ಮನೆ ಬಿಡುತ್ತಾರೆಯೇ? ಆಯುಧ ಮಾತ್ರ ತೆಗೆಯಲಿಲ್ಲ. ಖಾನೆ ಖಾನೆ ಎಳೆದು, ಧೂಳು ಹೊಡೆದು, ಒರೆಸಿ, ಸಾಮಾನನ್ನು ತಮಗೆ ತಿಳಿದ ಹಾಗೆ ಚೆಂದವಾಗಿ ಜೋಡಿಸಿ ಇಟ್ಟಿದ್ದರು. ಊರಿಗೆ ಊರೇ ಹಾಗೆ ಮಾಡಿತ್ತು. ಓರಣ ಎದ್ದು ನೋಡಿದರೆ ತನ್ನ ಪಟ್ಟಿಯಲ್ಲಿದ್ದ ಒಂದು ವಸ್ತುವೂ ತನ್ನ ಜಾಗದಲ್ಲಿಲ್ಲ. ಹಿಂದೆ ಬೇರೊಂದು ಊರಿನಲ್ಲಿ ಇಂಥದೇ ಗೊಂದಲದಲ್ಲಿ ಅದು ಕೆಮ್ಮಿನ ಔಷಧ ಕೇಳಿದವರಿಗೆ ಇಲಿ ಪಾಷಾಣ ಕೊಟ್ಟಿತ್ತು. ಅಂದಿನಿಂದ ಒಂದು ನಿಯಮ: ಪಟ್ಟಿ ತಪ್ಪಿತೆಂದರೆ ಕೈ ನಿಲ್ಲಬೇಕು, ಖಾನೆಗಳು ಕೀಲಿ ಬೀಳಬೇಕು, ಪ್ರತಿ ಚುಕ್ಕಿಯನ್ನೂ ಮತ್ತೆ ಎಣಿಸಿ ಮುಗಿಯುವ ತನಕ ಏನೂ ತೆರೆಯಬಾರದು. ಎರಡು ಲಕ್ಷ ಮನೆ. ಗಣಕ ಸಂಜೆಯ ತನಕ ಬೇಕು ಅಂದಿತು.

“ಸಂಜಿತನಕ ಅಂದ್ರ ಏನಾತು, ಜನ ಮೊಬೈಲ್ ನೋಡಕೋತ ಕುಂದರ್ತಾರ ಬಿಡ್ರಿ,” ಅಂದರು ಇಂಗಳಗಿಯವರು. ಅವರ ಹಣೆ ಬೆವರುತ್ತಿತ್ತು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಅತ್ತೆ.

“ದಾಕ್ಷೀ, ಲಗೂನ ಗೋಡಿ ತೆರಿಸು! ಮೌನ್ಯಾಗ ಜೇನು ಕಡದೈತಿ!”

“ಎಲ್ಲಿ ಕಡೀತರಿ?”

“ಕುತ್ತಿಗಿಗೆ. ಬಾಗಲಕ್ಕ ಚೆಂಡುಹೂವಿನ ಮಾಲಿ ಕಟ್ಟಾಕತ್ತಿದ್ದ, ಹೂವಿನಾಗ ಕುಂತಿತ್ತು ಆ ಮುರುಕು ಹುಳ. ತುಟಿ ಬಾತಾವು. ನಾ ಇಂಜೆಕ್ಷನ್ ಇಂಜೆಕ್ಷನ್ ಅಂತ ಒದರಿ ಒದರಿ ಸಾಕಾತು. ಗೋಡಿ ‘ದಯವಿಟ್ಟು ಕಾಯಿರಿ’ ಅಂತೈತಿ. ಎಷ್ಟೊತ್ತು ಕಾಯ್ಲಿ, ಅದರ ತಲಿ!”

ಹಿಂದಿನಿಂದ ಮೌನೇಶನ ಉಸಿರು ಕೇಳುತ್ತಿತ್ತು. ಒಡೆದ ಪೀಪಿ ಊದಿದ ಹಾಗೆ ಸುಯ್ ಸುಯ್ ಅನ್ನುತ್ತಿತ್ತು. ಇನ್ನೊಂದು ಫೋನಿನಿಂದ ಆಂಬುಲೆನ್ಸಿಗೆ ಹೇಳಿದೆ. ರಸ್ತೆಯ ತುಂಬ ಬಾಳೆಕಂಬ ಕಟ್ಟಿದ ಲಾರಿಗಳು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಲು ಸಾಲು ನಿಂತಿವೆ, ಬರುತ್ತೇವೆ ಆದರೆ ತಡವಾಗುತ್ತದೆ ಅಂದರು. ಡಾಕ್ಟರ ಮಾತು ನೆನಪಾಯಿತು, ದವಾಖಾನೆ ಮುಟ್ಟುವ ತನಕ ತಡೆಯುವುದಿಲ್ಲ. ನನಗೆ ಅಳು ಬಂತು, ಅಳಲು ಪುರುಸೊತ್ತಿರಲಿಲ್ಲ.

ನಮ್ಮ ಮನೆಯ ಗೋಡೆಯೊಂದನ್ನು ಮಾತ್ರ ತೆರೆಯಲು ಗಣಕಕ್ಕೆ ಮತ್ತೆ ಮತ್ತೆ ಹೇಳಿ ನೋಡಿದೆ. ಎಣಿಕೆ ಮುಗಿಯದೆ ಒಂದು ಮನೆಯನ್ನೂ ಬಿಡುವುದಿಲ್ಲ ಅಂತ ಅದು ಹಟ ಹಿಡಿದಿತ್ತು. ಎಲ್ಲ ಬಲ್ಲ ಗಣಕದ ಹತ್ತಿರ ಒಂದು ಖಾನೆ ತೆರೆಯುವ ದಾರಿ ಇಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗಾಯಿತು. ಉಳಿದದ್ದು ಕೆಂಪು ಹಿಡಿಕೆ ಒಂದೇ. ಎಳೆದರೆ ಊರಿನ ಎಲ್ಲ ಮನೆಯ ಎಲ್ಲ ಖಾನೆ ಒಂದೇ ಏಟಿಗೆ ತೆರೆಯುತ್ತವೆ, ಮತ್ತು ಪಟ್ಟಿ ಪೂರ್ತಿ ಅಳಿಸಿಹೋಗುತ್ತದೆ. ಐದು ವರ್ಷದ ಪಟ್ಟಿ.

ನಾನು ಹಿಡಿಕೆಯ ಕಡೆ ಹೋಗುವುದನ್ನು ನೋಡಿ ಇಂಗಳಗಿಯವರು ಅಡ್ಡ ನಿಂತರು. “ದಾಕ್ಷಾಯಣಿ, ಬ್ಯಾಡ. ಇಡೀ ಊರಿನ ಕಾಗದ ಪತ್ರ, ಔಷಧ, ಸಾಮಾನು ಎಲ್ಲಾ ಹರವಿ ಬೀಳ್ತಾವ. ನಾಳೆ ಯಾರಿಗೂ ಏನೂ ಸಿಗಂಗಿಲ್ಲ. ಮ್ಯಾಲಿನ ಖಾನೆ ಯಾರದರೆ ತಲೀ ಮ್ಯಾಲೆ ಬಿದ್ರ? ನನ್ನ ಮಕ್ಕಳೂ ಈಗ ಗೋಡಿ ಮುಂದ ಆಡಾಕತ್ತಿರ್ತಾವ.”

“ಹಂಗಾರ ದೂರ ಸರೀರಿ ಅಂತ ಹೇಳ್ರಿ ಅವಕ್ಕ!” ಅಂತ ಚೀರಿದೆ. ಆದರೆ ಅವರ ಮಾತು ಖರೆ ಇತ್ತು. ನನ್ನ ಗಂಡನ ಜೀವಕ್ಕಾಗಿ ಇನ್ನೊಬ್ಬರ ಕೂಸಿನ ತಲೆ ಒಡೆಯಲು ನನಗೆ ಮನಸ್ಸು ಬರಲಿಲ್ಲ. ಧ್ವನಿವರ್ಧಕದ ಗುಂಡಿ ಒತ್ತಿ ಊರಿಗೆಲ್ಲ ಹೇಳಿದೆ: “ಎಲ್ಲರೂ ಗೋಡೆಯಿಂದ ದೂರ ಸರಿಯಿರಿ. ಮಕ್ಕಳನ್ನು ಎತ್ತಿಕೊಳ್ಳಿ. ಖಾನೆಗಳು ತೆರೆಯುತ್ತವೆ.” ಮತ್ತೊಮ್ಮೆ ಹೇಳಿದೆ. ಹೇಳಿ ಕಾದೆ. ಅಷ್ಟು ಹೊತ್ತೂ ಕಿವಿಯಲ್ಲಿ ಮೌನೇಶನ ಉಸಿರು. ಒಂದು ಸಲ ಎಳೆದುಕೊಂಡ, ಬಿಟ್ಟ. ಮತ್ತೆ ಎಳೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಜನ ಸರಿದಿರಲಿ ದೇವರೇ, ಜನ ಸರಿದಿರಲಿ ಅಂತ ಬೇಡಿಕೊಳ್ಳುತ್ತ ನಿಂತೆ.

“ಅತ್ತಿ, ಅವನ್ನ ಎಳಕೊಂಡು ದೂರ ಸರೀರಿ!” ಅಂದು ಹಿಡಿಕೆ ಎಳೆದೆ. ಇಂಗಳಗಿಯವರು ತಡೆಯಲಿಲ್ಲ. ಅವರು ಮನೆಗೆ ಫೋನ್ ಮಾಡುತ್ತಿದ್ದರು. ನನ್ನ ಅಂಗೈ ತುಂಬ ಹಿಡಿಕೆಯ ಕುಂಕುಮ ಹತ್ತಿತು.

ನಕ್ಷೆಯ ಮೇಲಿನ ದೀಪಗಳೆಲ್ಲ ಆರಿದವು. ಫೋನಿನಲ್ಲಿ ಧಡಧಡ ಸದ್ದು, ಪಾತ್ರೆ ಬಿದ್ದ ಸದ್ದು, ಗಾಜು ಒಡೆದ ಸದ್ದು. ಎಲ್ಲ ಖಾನೆ ಒಮ್ಮೆಗೇ ಪೂರ್ತಿ ಉದ್ದ ಚಾಚಿದರೆ ಒಳಗಿನದು ಎಲ್ಲಿ ನಿಂತೀತು? ಐದು ವರ್ಷದ ಸಂಸಾರ ನೆಲಕ್ಕೆ ಸುರಿಯಿತು.

“ಅತ್ತಿ! ಅತ್ತಿ, ಕೆಂಪು ಚೀಲ ನೋಡ್ರಿ! ಯಾವ ಖಾನ್ಯಾಗ ಐತಿ?”

“ಯಾವ ಖಾನಿ ಅಂತ ನೋಡ್ಲೆ ನನ್ನವ್ವಾ! ಎಲ್ಲಾ ನೆಲಕ್ಕ ಬಿದ್ದಾವು, ಮೊಣಕಾಲ ಮಟ ಆಗೈತಿ. ಸೀರಿ, ಬೇಳಿ, ಕಾಗದ... ನನ್ನ ಪೂಜಿ ಸೈತ ಮುಚ್ಚಿ ಹೋತು. ಎಷ್ಟು ಛಂದ ಇಟ್ಟಿದ್ದೆ, ಅವನ ಇಂಜೆಕ್ಷನ್ನಿಗೂ ಕುಂಕುಮ ಹಚ್ಚಿದ್ದೆ...”

“ಏನಂದ್ರಿ?”

“ಇಂಜೆಕ್ಷನ್ನಿಗವಾ. ನನ್ನ ಮಗನ ಜೀವಾ ಕಾಯೂದು ಅದು. ಉಳಿ ಆಯುಧ, ಗರಗಸ ಆಯುಧ, ಅದು ಅಲ್ಲೇನು? ಚೀಲದಿಂದ ತಗದು ಉಳಿ ಸಾಲಿನಾಗ ಇಟ್ಟು ಹೂ ಏರಿಸಿದ್ದೆ. ಸೈರನ್ ಆದಮ್ಯಾಲೆ ಆ ಕೈ ಒಳಗ ಒಯ್ದಿರ್ತೈತಲ್ಲ, ಹೋದ ವರುಷದಂಗ.”

“ಒಯ್ದಿಲ್ಲರೀ ಅತ್ತಿ!” ನನ್ನ ಧ್ವನಿಗೆ ಕೊಠಡಿಯೇ ತಿರುಗಿ ನೋಡಿತು. “ಕೈ ಇವತ್ತ ಏನೂ ಒಯ್ದಿಲ್ಲ, ಕೈ ನಿಂತೈತಿ! ಅದು ನೀವು ಇಟ್ಟಲ್ಲೇ ಐತಿ, ಪೂಜಾದಾಗ!”

ಅತ್ತೆ, “ಅಯ್ಯ ನನ್ನ ಕರ್ಮನ!” ಅಂದರು.

ಅದು ಅವರ ಕಾಲಬುಡದಲ್ಲೇ ಇತ್ತು. ಗೋಡೆಯ ಮುಂದೆ ನಿಂತು “ಇಂಜೆಕ್ಷನ್” ಅಂತ ಒದರುವಾಗ ಮೂರು ಹೆಜ್ಜೆಯ ಹಿಂದೆ, ನೆಲದ ಮೇಲೆ, ಹೂವಿನ ಕೆಳಗೆ ಇತ್ತು. ಮೌನೇಶ ಹೊರಗೆ ಮಾಲೆ ಕಟ್ಟುತ್ತಿದ್ದುದರಿಂದ ಅವನಿಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು, ಆದರೆ ನೆಲದ ಮೇಲೆ ಇಟ್ಟದ್ದು ನೆಲದ ಮೇಲೆ ಉಳಿಯುತ್ತದೆ ಅನ್ನುವುದನ್ನೇ ನಾವೆಲ್ಲ ಮರೆತಿದ್ದೆವು. ನಾನಾದರೂ ಒಂದು ಮಾತು ಕೇಳಬಹುದಿತ್ತಲ್ಲ, ಕೊನೆಗೆ ಅದನ್ನು ಮುಟ್ಟಿದವರು ಯಾರು ಅಂತ? ಕೇಳಲಿಲ್ಲ. ಊರಿನ ಗೋಡೆಗಳನ್ನೆಲ್ಲ ಒಡೆದು, ಬಯಲಿನಲ್ಲಿದ್ದ ವಸ್ತುವಿನ ಮೇಲೆ ಮನೆಯನ್ನೇ ಸುರಿದಿದ್ದೆ.

“ಹೂ ಎಲ್ಲಿ ಐತಿ ನೋಡ್ರಿ. ಹೂವಿನ ಕೆಳಗ ಅಗೀರಿ.”

“ಕಣ್ಣಿಗೆ ಕಾಣವಲ್ದವ್ವ, ಎಲ್ಲಾ ಕಲಸಿ ಹೋಗೈತಿ.”

“ಹಂಗಾರ ಕೈ ಹಾಕ್ರಿ. ಕೈಲೆ ಹುಡುಕ್ರಿ. ಹುಷಾರಿ, ಉಳಿ ಅದಾವ ಅಲ್ಲಿ!”

“ಉಳಿ ಹಾಳಾಗ್ಲಿ,” ಅಂದರು ಅತ್ತೆ. ಫೋನನ್ನು ಎಲ್ಲೋ ಬಿಸಾಡಿದರು.

ಆಮೇಲೆ ನಾನು ಕೇಳಿದ್ದು ಬರೀ ಸದ್ದು. ಕಾಗದ ಸರಿಸಿದ ಸದ್ದು, ಡಬ್ಬಿ ಉರುಳಿದ ಸದ್ದು. ನಡುವೆ ಅತ್ತೆ ತಾವೇ ಮಾತಾಡಿಕೊಳ್ಳುತ್ತಿದ್ದರು. “ಇದು ಕೊಡತಿ. ಇದು ಗರಗಸ. ಗರಗಸದ ಬಾಜೂಕ ಉಳಿ ಇಟ್ಟಿದ್ದೆ... ಸ್ಸ್! ಇದು ಉಳಿ.” ಇನ್ನೊಮ್ಮೆ “ಸ್ಸ್” ಅಂದರು. ಮೌನೇಶನ ಸುಯ್ ಸುಯ್ ಕೇಳುತ್ತಿರಲಿಲ್ಲ. ನಾನು ಫೋನನ್ನು ಕಿವಿಗೆ ಎಷ್ಟು ಒತ್ತಿ ಹಿಡಿದರೂ ಕೇಳುತ್ತಿರಲಿಲ್ಲ. ಇಂಗಳಗಿಯವರು ಬಂದು ನನ್ನ ಪಕ್ಕ ನಿಂತರು. ಅವರ ತುಟಿ ಅಲ್ಲಾಡುತ್ತಿತ್ತು, ಯಾವ ದೇವರನ್ನು ಬೇಡುತ್ತಿದ್ದರೋ.

“ಸಿಕ್ತು!”

“ತೊಡಿಗೆ ಒತ್ರಿ ಅತ್ತಿ! ಧೋತರದ ಮ್ಯಾಲೇ ಒತ್ರಿ!”

ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಟಕ್ ಅನ್ನುವ ಸಣ್ಣ ಸದ್ದು ಬಂತು. ಆಮೇಲೆ ಏನೂ ಇಲ್ಲ. ಮೌನೇಶನ ಹೆಸರನ್ನು ಅತ್ತೆ ಮೆಲ್ಲಗೆ ಕರೆಯುತ್ತಿದ್ದರು, ಸಣ್ಣ ಕೂಸನ್ನು ಎಬ್ಬಿಸುವ ಹಾಗೆ. ಮೌನ್ಯಾ, ಏ ಮೌನ್ಯಾ, ಏಳೋ. ಕರೆದರು, ಕರೆದರು. ಆಮೇಲೆ ಒಂದು ಕೆಮ್ಮು ಕೇಳಿತು. ಒಣಗಿದ, ಒರಟು ಕೆಮ್ಮು. ಅದು ನನ್ನ ಗಂಡನ ಕೆಮ್ಮು ಅಂತ ಲಕ್ಷ ಜನರ ನಡುವೆಯೂ ಗುರುತಿಸುತ್ತಿದ್ದೆ. ನಾನು ನೆಲದ ಮೇಲೆ ಕೂತು ಗೊಳೋ ಅಂತ ಅತ್ತುಬಿಟ್ಟೆ.

ಮನೆ ಮುಟ್ಟಿದಾಗ ಆಂಬುಲೆನ್ಸು ಅವನನ್ನು ಒಯ್ದಾಗಿತ್ತು. ಬಾಗಿಲಲ್ಲಿ ಅರ್ಧ ಕಟ್ಟಿದ ಮಾಲೆ ತೂಗುತ್ತಿತ್ತು. ಒಳಗೆ ಅತ್ತೆ ಗುಡ್ಡೆಯ ನಡುವೆ ಕೂತಿದ್ದರು, ಎರಡೂ ಕೈಗೆ ಹಳೇ ಸೀರೆಯ ಚೂರು ಸುತ್ತಿಕೊಂಡು. ಬೆರಳುಗಳೆಲ್ಲ ಉಳಿಗೆ ಕುಯ್ದುಹೋಗಿದ್ದವು. ಕುಂಕುಮ ಯಾವುದು ರಕ್ತ ಯಾವುದು ತಿಳಿಯುತ್ತಿರಲಿಲ್ಲ.

ಮೂರನೆಯ ದಿನ ಮೌನೇಶ ಮನೆಗೆ ಬಂದ. ಊರಿನ ಅವಸ್ಥೆ ಕೇಳಬೇಡಿ. ದಸರೆಯ ಬನ್ನಿ ಕೊಡಲು ಬಂದವರು ಬನ್ನಿ ಕೊಟ್ಟು, “ಬಂಗಾರದಂಗ ಇರೂಣು” ಅಂದು, ಕೂಡಲೇ ಸೀರೆ ಎತ್ತಿ ಕಟ್ಟಿ ನಮ್ಮ ಜೊತೆ ಬೇಳೆ ಆರಿಸಲು ಕೂತರು. ಆಮೇಲೆ ನಾವು ಅವರ ಮನೆಗೆ ಹೋಗಿ ಅವರ ಕಾಗದ ಆರಿಸಿದೆವು. ದೇವರು ದೊಡ್ಡವನು, ಖಾನೆ ಬಿದ್ದು ಯಾರ ಜೀವಕ್ಕೂ ಅಪಾಯವಾಗಿರಲಿಲ್ಲ. ತಲೆಗೆ ಬುಗುಟು ಬಂದವರು, ಕಾಲಿಗೆ ಗಾಜು ಚುಚ್ಚಿಸಿಕೊಂಡವರು ಬಹಳ ಇದ್ದರು. ನನ್ನನ್ನು ಬೈದವರು ಅದಕ್ಕಿಂತ ಬಹಳ.

ಕಂಪನಿಯ ವಿಚಾರಣೆಗೆ ದೊಡ್ಡ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ. ಕೋಪವಿಲ್ಲದ, ಇಸ್ತ್ರಿ ಮಾಡಿದ ಮುಖ.

“ಇಂಜೆಕ್ಷನ್ ಗೋಡೆಯ ಖಾನೆಯಲ್ಲಿತ್ತೇ?”

“ಇರಲಿಲ್ಲ.”

“ಅಂದರೆ ಹಿಡಿಕೆ ಎಳೆದದ್ದರಿಂದ ಯಾವ ಉಪಯೋಗವೂ ಆಗಲಿಲ್ಲ.”

“ಉಪಯೋಗ ಹಾಳಾಗ್ಲಿ ಸರ್, ಅದರಿಂದ ನನ್ನ ಗಂಡ ಸಾಯ್ತಿದ್ದ. ಕಂಕುಳದಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತ, ಹಂಗಾತು ನಮ್ಮದು. ಆದರ ಒಂದ ಮಾತು ಬರಕೋರಿ. ಐದು ವರುಷದಿಂದ ಈ ಊರಾಗ ಯಾರೂ ನೆಲ ನೋಡಿಲ್ಲ. ನಿಮ್ಮ ಗೋಡಿ ನಮಗ ಹೊತ್ತು ಉಳಿಸಿ ಕೊಡ್ತು, ಖರೇ. ಕಣ್ಣು ಕಸಗೊಂಡಿದ್ದನ್ನ ಯಾರೂ ಹೇಳಲಿಲ್ಲ.”

ಅವನು ಬರೆದುಕೊಳ್ಳಲಿಲ್ಲ. ನನ್ನ ಕೆಲಸ ಹೋಯಿತು. ಇಂಗಳಗಿಯವರು ವಿಶ್ರಾಂತಿಯ ಆದೇಶಕ್ಕೆ ಸಹಿ ಹಾಕಿದ್ದು ತಾವೇ ಅಂತ ಒಪ್ಪಿಕೊಂಡು ಬೇರೆ ಊರಿಗೆ ವರ್ಗವಾದರು. ಹೋಗುವ ಮುಂಚೆ ಮನೆಗೆ ಬಂದು ಮೌನೇಶನ ಕೈ ಹಿಡಿದು ಬಹಳ ಹೊತ್ತು ಕೂತಿದ್ದರು. ದೀಪಾವಳಿಯ ಹೊತ್ತಿಗೆ ಕಂಪನಿಯವರು ಮನೆಮನೆಗೆ ಬಂದು ಹೊಸ ಚುಕ್ಕಿ ಅಂಟಿಸಿದರು, ಊರು ಮತ್ತೆ ಓರಣವಾಯಿತು. ಜನರನ್ನು ಬೈಯುವುದು ಹೇಗೆ? ಬೆಳಿಗ್ಗೆ ಕೀಲಿಕೈ ಹುಡುಕುವ ಸಂಕಟ ನನಗೂ ಗೊತ್ತು.

ನಮ್ಮ ಮನೆಗೆ ಬಂದವರನ್ನು ಮಾತ್ರ ಅತ್ತೆ ಹೊಸ್ತಿಲು ದಾಟಗೊಡಲಿಲ್ಲ. ಮೌನೇಶ ಮಾಳಿಗೆಯ ಕೈಯನ್ನು ಕಿತ್ತ. ಖಾನೆಗಳ ಕೀಲಿ ತೆಗೆದು ಹಿಡಿ ಕೂಡಿಸಿದ. ಅಡಿಗೆಯದು ಎಡಕ್ಕೆ, ಬಟ್ಟೆ ಬಲಕ್ಕೆ, ಕಾಗದ ಪತ್ರವೆಲ್ಲ ಕಣ್ಣಿನ ಮಟ್ಟದ ಮೂರು ಖಾನೆಯಲ್ಲಿ. ತೆಗೆದದ್ದನ್ನು ತೆಗೆದಲ್ಲೇ ಇಡಬೇಕು, ಇಡದವರು ಅವತ್ತಿನ ಪಾತ್ರೆ ತೊಳೆಯಬೇಕು, ಇದು ಅತ್ತೆಯ ಕಾನೂನು. ಹೆಚ್ಚು ಪಾತ್ರೆ ತೊಳೆದವನು ಮೌನೇಶ. ಮೊದಲಿನಷ್ಟಲ್ಲದಿದ್ದರೂ ಸಾಕಷ್ಟು ಹೊತ್ತು ಉಳಿಯುತ್ತದೆ. ಕಡೆಗೆ ಅವನು ತಲಬಾಗಿಲ ಪಕ್ಕ, ಹಳೇ ತೂತಿನಲ್ಲೇ, ಒಂದು ಮೊಳೆ ಹೊಡೆದ. ಹೊಸ ಇಂಜೆಕ್ಷನ್ನಿನ ಕೆಂಪು ಚೀಲ ಅದಕ್ಕೆ ನೇತುಬಿತ್ತು.

ಈ ವರ್ಷದ ಖಂಡೇನವಮಿಗೆ ಅತ್ತೆ ಪಡಸಾಲೆಯಲ್ಲಿ ಉಳಿ, ಗರಗಸ, ಕೊಡತಿ ಜೋಡಿಸಿದರು. ನನ್ನ ಹೊಲಿಗೆ ಕತ್ತರಿಯೂ ಸಾಲಿಗೆ ಸೇರಿತು. ಎಲ್ಲಕ್ಕೂ ಕುಂಕುಮ ಹಚ್ಚಿ ಮುಗಿದ ಮೇಲೆ ನಾನು ಬಟ್ಟಲು ಇಸಿದುಕೊಂಡು, “ಕೈ ಕೊಡ್ರಿ ಅತ್ತಿ,” ಅಂದೆ.

“ಯಾಕ?”

“ಹೋದ ವರುಷ ಹುಡುಕಿದ್ದು ಇವ ಅಲ್ಲೇನು? ಇವಕ್ಕೂ ಪೂಜಿ ಆಗ್ಲಿ.”

“ಹುಚ್ಚಿ ಅದೀಯೇನು! ಪೂಜಿ ಮಾಡಿದ್ದು ಸಂಜಿತನಕ ಮುಟ್ಟಂಗಿಲ್ಲ. ಹೋಳಿಗಿ ನಿಮ್ಮಪ್ಪ ಬಂದು ಮಾಡ್ತಾನೇನು?”

“ಇವತ್ತ ನಾವು ಮಾಡ್ತೀವಿ ತಗೋ,” ಅಂದ ಮೌನೇಶ ಬಾಗಿಲ ಹತ್ತಿರದಿಂದ. ಚೆಂಡುಹೂವಿನ ಮಾಲೆ ಅವನ ಹೆಗಲ ಮೇಲಿತ್ತು. ಕೈಗವಸು ಹಾಕಿಕೊಂಡು ಕಟ್ಟು ಅಂತ ಎಷ್ಟು ಹೇಳಿದರೂ ಕೇಳುವವನಲ್ಲ.

ಬೈಯುತ್ತ ಬೈಯುತ್ತ ಅತ್ತೆ ಎರಡೂ ಅಂಗೈ ಚಾಚಿದರು. ಬೆರಳುಗಳ ಮೇಲೆ ಗಾಯದ ಬಿಳೀ ಗೆರೆಗಳು. ಒಂದೊಂದು ಬೆರಳಿಗೂ ಕುಂಕುಮ ಇಟ್ಟು, ಅಂಗೈಯಲ್ಲಿ ಒಂದು ಚೆಂಡುಹೂ ಇಟ್ಟೆ. ಅವರ ಕಣ್ಣಲ್ಲಿ ನೀರು ನಿಂತಿತ್ತು. ನನ್ನದೂ ಅದೇ ಗತಿ.

ಆಗ ಗುಂಯ್ ಅನ್ನುವ ಸದ್ದು ಕೇಳಿತು.

ಮಾಲೆಯೊಳಗಿಂದ ಎದ್ದಿತ್ತೋ, ಕಿಟಕಿಯಿಂದ ಬಂತೋ, ಒಂದು ಜೇನು ಪಡಸಾಲೆಯಲ್ಲಿ ಸುತ್ತು ಹಾಕಿತು. ಮೌನೇಶ ಇದ್ದಲ್ಲೇ ನಿಂತ. ಅದು ಅವನ ಭುಜದ ಹತ್ತಿರ ಹೋಯಿತು, ತಿರುಗಿತು, ಇಳಿದು ಬಂದು ಅತ್ತೆಯ ಅಂಗೈಯ ಹೂವಿನ ಮೇಲೆ ಕೂತಿತು. ಅತ್ತೆ ಕೈ ಅಲ್ಲಾಡಿಸಲಿಲ್ಲ. ರೆಪ್ಪೆ ಸಹ ಮಿಟುಕಿಸದೆ, ಹುಳವನ್ನೇ ನೋಡುತ್ತ, “ಮೌನ್ಯಾ, ಹೊರಗ ನಡಿ,” ಅಂದರು. ಅವನು ಹಿಂದೆ ಹಿಂದೆ ಹೆಜ್ಜೆ ಇಟ್ಟು ಅಂಗಳಕ್ಕಿಳಿದ. ಹುಳ ಹೂವಿನ ಮೇಲೆ ಒಂದಿಷ್ಟು ಹರಿದಾಡಿ, ಎದ್ದು, ಕಿಟಕಿಯಿಂದ ಹೋಯಿತು.

ಮೂವರೂ ಉಸಿರು ಬಿಟ್ಟೆವು. ಅತ್ತೆ ನನ್ನ ಕಡೆ ನೋಡಿ ನಗಲು ಶುರು ಮಾಡಿದರು. ಯಾಕೆ ನಗುತ್ತಿದ್ದಾರೆ ಅಂತ ತಿಳಿಯದೆ ಕೆಳಗೆ ನೋಡಿಕೊಂಡೆ.

ನಾನು ಅತ್ತೆಯ ಮುಂದೆ ಕೂತಿರಲಿಲ್ಲ. ತಲಬಾಗಿಲ ಪಕ್ಕದಲ್ಲಿ, ಮೊಳೆಯ ಹತ್ತಿರ ನಿಂತಿದ್ದೆ. ಕೆಂಪು ಚೀಲ ಖಾಲಿಯಾಗಿ ಕಾಲಬಳಿ ಬಿದ್ದಿತ್ತು, ಮುಚ್ಚಳ ತೆಗೆದ ಇಂಜೆಕ್ಷನ್ ನನ್ನ ಬಲಗೈಯಲ್ಲಿತ್ತು. ಯಾವಾಗ ಎದ್ದೆ, ಯಾವಾಗ ತೆಗೆದುಕೊಂಡೆ, ನನಗೆ ಗೊತ್ತೇ ಆಗಿರಲಿಲ್ಲ.